ಎದುರಿಗಿದ್ದವರ ಋಣ

ಮನುಷ್ಯನ ಪ್ರೀತಿಯನ್ನು ಅವನ ಮನೆಯಲ್ಲಿ ಅಳೆಯಬಹುದು. ಅವನ ಧರ್ಮವನ್ನು ಬೀದಿಯಲ್ಲಿ ಅಳೆಯಬೇಕು. ಮನೆಯೊಳಗಿರುವವರು ಮಡದಿ ಮಕ್ಕಳು, ಬಂಧುಗಳು, ಬೇಕಾದವರು. ಅವರ ವಿಷಯದಲ್ಲಿ ಒಳ್ಳೆಯವನಾಗಿರುವುದಕ್ಕೆ ಸ್ನೇಹವೂ ಕಾರಣ, ಸ್ವಾರ್ಥವೂ ಕಾರಣ, ಅಭ್ಯಾಸವೂ ಕಾರಣ. ಬೀದಿಯಲ್ಲಿ ಎದುರಾಗುವವನಿಗೆ ಈ ಮೂರರ ಬೆಂಬಲವೂ ಇಲ್ಲ. ಅವನ ಹೆಸರು ತಿಳಿಯದು, ಊರು ತಿಳಿಯದು, ನಾಳೆ ಮತ್ತೊಮ್ಮೆ ಅವನು ಕಾಣಸಿಗುವನೆಂಬ ನಿಶ್ಚಯವೂ ಇಲ್ಲ. ಅಂಥವನಿಗೆ ದಾರಿಹೋಕನೊಬ್ಬನು ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ಸಲ್ಲಿಸಬೇಕಾಗಿದ್ದರೆ ಅದು ಯಾವುದು? ಈ ಪ್ರಶ್ನೆ ಹಳೆಯದೇ. ಆದರೆ ಪ್ರತಿಯೊಬ್ಬನ ಅಂಗೈಯಲ್ಲಿಯೂ ಒಂದು ಗಾಜಿನ ಫಲಕವು ಬೆಳಗುತ್ತಿರುವ ಈ ಕಾಲದಲ್ಲಿ ಅದು ಹೊಸದೊಂದು ರೂಪದಿಂದ ಬಂದು ನಿಂತಿದೆ.

ಮಾಣಿ–ಮೈಸೂರು ರಸ್ತೆಯೆಂದು ಜನರು ಕರೆಯುತ್ತ ಬಂದಿರುವ, ಈಗ 275ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿರುವ ಮಾರ್ಗದಲ್ಲಿ, ಪುತ್ತೂರಿನಿಂದ ಸುಳ್ಯದ ಕಡೆಗೆ ಹೊರಟವರಿಗೆ ಕುಂಬ್ರವೆಂಬ ಊರು ಸಿಗುವುದು. ತಿಂಗಳಾಡಿಯ ಮೇಲಾಗಿ ಬೆಳ್ಳಾರೆಗೆ ಹೋಗುವ ದಾರಿಯು ಇಲ್ಲಿಯೇ ಕವಲೊಡೆಯುತ್ತದೆ. ದಾರಿ ಕವಲೊಡೆಯುವಲ್ಲಿ ಜನರು ಕಾಯಲೇಬೇಕಷ್ಟೆ. ಕಾಲೇಜಿಗೆ ಹೊರಟ ಮಕ್ಕಳು, ಮದ್ದಿಗೆಂದು ಹೊರಟ ವೃದ್ಧರು, ಅಡಿಕೆಯ ಧಾರಣೆಯನ್ನು ವಿಚಾರಿಸಲು ಪೇಟೆಗೆ ಇಳಿದ ಕೃಷಿಕರು, ಕೂಲಿ ಮುಗಿಸಿ ಬಂದವರು, ಹೀಗೆ ಎಲ್ಲರೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವರು. ತುಳುವಿನವರು, ಬ್ಯಾರಿ ಭಾಷೆಯವರು, ಹವ್ಯಕ ಕನ್ನಡದವರು, ಮಲೆಯಾಳದವರು ಒಂದೇ ನೆರಳಿನಲ್ಲಿ ನಿಲ್ಲುವ ಸ್ಥಳವದು. ಅಂತಹ ಎಡೆಯಲ್ಲಿ ಹಿಂದೆ ಮೊದಲು ಕೇಳಿಬರುತ್ತಿದ್ದ ಮಾತು “ಓಡೆಗ್?” ಎಂಬುದು, ಎಲ್ಲಿಗೆ ಎಂದರ್ಥ. ಕೇಳಿದವನಿಗೆ ಉತ್ತರದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನೀನು ಇಲ್ಲಿ ನಿಂತಿರುವುದು ನನಗೆ ಕಂಡಿದೆ ಎಂಬುದನ್ನು ತಿಳಿಸುವ ರೀತಿಯದು.

ಈಗ ಒಂದು ಸಾಧಾರಣ ಸಂಗತಿಯನ್ನು ಕಲ್ಪಿಸಿಕೊಳ್ಳಬಹುದು. ಆಟಿ ತಿಂಗಳ ಮಳೆ ಸುರಿಯುತ್ತಿದೆ. ಅಕ್ಷರ ಬಾರದ ಒಬ್ಬ ಮುದುಕಿಯು ಕೈಚೀಲ ಹಿಡಿದುಕೊಂಡು ಕೂಡುದಾರಿಯಲ್ಲಿ ನಿಂತಿದ್ದಾಳೆ. ಒಂದು ಬಸ್ಸು ಬಂದು ನಿಂತಿತು. ಹಲಗೆಯ ಮೇಲಿನ ಬರಹವನ್ನು ಓದಲಾರದೆ, “ಮಗಾ, ಇದು ಬೆಳ್ಳಾರೆಗೆ ಹೋಗುವುದೋ?” ಎಂದು ಆಕೆ ಪಕ್ಕದವರನ್ನು ಕೇಳಿದಳು. ಪಕ್ಕದಲ್ಲಿ ಏಳೆಂಟು ಮಂದಿ ಇದ್ದರು. ಕೆಲವರ ಕಿವಿಯಲ್ಲಿ ಹಾಡು, ಕೆಲವರ ಕಣ್ಣಿನಲ್ಲಿ ಚಿತ್ರ, ಒಬ್ಬನ ಬೆರಳು ದೂರದ ಯಾರಿಗೋ ಏನನ್ನೋ ಬರೆಯುತ್ತಿತ್ತು. ಮಾತು ಯಾರನ್ನೂ ಮುಟ್ಟಲಿಲ್ಲ. ಎರಡನೆಯ ಬಾರಿ ಕೇಳುವುದಕ್ಕೆ ಆಕೆಗೆ ನಾಚಿಕೆಯಾಯಿತು. ಬಸ್ಸು ಹೊರಟುಹೋಯಿತು, ಅದು ಆಕೆಯ ಬಸ್ಸೇ ಆಗಿತ್ತು. ಇಲ್ಲಿ ಯಾರೂ ಮುದುಕಿಯನ್ನು ಬೈಯಲಿಲ್ಲ, ತಳ್ಳಲಿಲ್ಲ, ವಂಚಿಸಲಿಲ್ಲ. ವಿಚಾರಿಸಿದರೆ ಅವರೆಲ್ಲರೂ ಒಳ್ಳೆಯವರೇ. ಕೇಳಿಸಿದ್ದರೆ ಆಕೆಯ ಕೈಹಿಡಿದು ಹತ್ತಿಸುತ್ತಿದ್ದರು. ಆದರೂ ಅಲ್ಲೊಂದು ಅನ್ಯಾಯ ನಡೆಯಿತೇ, ಇಲ್ಲವೇ? ಪ್ರಸ್ತುತ ವಿಚಾರವೆಲ್ಲ ಈ ಒಂದು ಪ್ರಶ್ನೆಯನ್ನು ಆಶ್ರಯಿಸಿದೆ.

ಇದನ್ನು ನಿರ್ಣಯಿಸಬೇಕಾದರೆ ಸಾರ್ವಜನಿಕ ಸ್ಥಳವೆಂದರೇನೆಂಬುದು ಮೊದಲು ತಿಳಿಯಬೇಕು. ನಮ್ಮ ಪೂರ್ವಿಕರು ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದ್ದರು. ಯಜ್ಞಯಾಗಾದಿಗಳು ಇಷ್ಟ. ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ತೋಪು ಬೆಳೆಸುವುದು, ಅನ್ನವನ್ನಿಕ್ಕುವುದು ಮೊದಲಾದವು ಪೂರ್ತ. ಇಷ್ಟದ ಫಲವು ಕರ್ತೃವಿಗೆ. ಪೂರ್ತದ ಫಲವು ಬಂದು ಹೋಗುವವರಿಗೆಲ್ಲ. ಬಾವಿಯನ್ನು ತೋಡಿಸಿದವನಿಗೆ ಅದರಿಂದ ಯಾರು ನೀರು ಸೇದುವರೆಂಬುದು ತಿಳಿದಿರುವುದಿಲ್ಲ. ಹಳೆಯ ಕಾಲುದಾರಿಗಳ ಬದಿಯಲ್ಲಿ ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲೆಂದು ನೆಟ್ಟ ಕಲ್ಲುಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ. ತಲೆಯೆತ್ತರಕ್ಕೆ ಸರಿಯಾಗಿ ಕಲ್ಲನ್ನಿರಿಸಿದವನು ಎಂದೂ ಕಾಣದ ಒಬ್ಬ ಮನುಷ್ಯನ ಕುತ್ತಿಗೆಯ ನೋವನ್ನು ಮುಂದಾಗಿ ನೆನೆದಿದ್ದನು. ಅರವಟ್ಟಿಗೆಯನ್ನಿಟ್ಟವನೂ ಕಟ್ಟೆಯನ್ನು ಕಟ್ಟಿಸಿದವನೂ ಹಾಗೆಯೇ. ಆದುದರಿಂದ, ಗುರುತಿಲ್ಲದವರಿಗಾಗಿ ಗುರುತಿಲ್ಲದವರು ಕಾದಿರಿಸಿದ ಎಡೆಯೇ ಸಾರ್ವಜನಿಕ ಸ್ಥಳ ಎಂದು ಲಕ್ಷಣವನ್ನು ಹೇಳಬಹುದು. ಕಲ್ಲು, ಮಣ್ಣು, ನೀರುಗಳಿಂದ ಮಾತ್ರವೇ ಆ ಸ್ಥಳವು ಆಗುವುದಿಲ್ಲ. ಅಲ್ಲಿ ನಿಂತವರು ಒಬ್ಬರಿಗೊಬ್ಬರು ಕೊಡುವ ಕಿಂಚಿತ್ ಗಮನವೂ ಅದರ ಒಂದು ಅಂಗ. ಕಣ್ಣೆತ್ತಿ ನೋಡುವುದು, ಕೇಳಿದ ಮಾತಿಗೆ ಉತ್ತರ ಕೊಡುವುದು, ಬಿದ್ದವನನ್ನು ಎತ್ತುವುದು, ಇವೆಲ್ಲ ಕಾಸು ಖರ್ಚಿಲ್ಲದ ಪೂರ್ತಗಳು. ಬಾವಿ ತೋಡಿಸಲು ಶಕ್ತಿಯಿಲ್ಲದ ಬಡವನೂ ಈ ಪೂರ್ತವನ್ನು ಮಾಡಬಲ್ಲನು.

ಈ ಗಮನವೆಂಬುದು ಒಂದು ಕಡೆಗೆ ಹರಿದರೆ ಇನ್ನೊಂದು ಕಡೆಗೆ ಬತ್ತುವಂಥದು. ನೈಯಾಯಿಕರ ಮತದಲ್ಲಿ ಮನಸ್ಸು ಅಣುಪರಿಮಾಣವಾದುದು. ಆದುದರಿಂದ ಒಂದೇ ಕ್ಷಣದಲ್ಲಿ ಎರಡು ಇಂದ್ರಿಯಗಳೊಡನೆ ಅದು ಕೂಡಲಾರದು, ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು. ಮನಸ್ಸು ಬೇರೆಡೆಯಲ್ಲಿದ್ದಾಗ ಕಣ್ಣು ತೆರೆದಿದ್ದರೂ ಕಾಣದು, ಕಿವಿ ತೆರೆದಿದ್ದರೂ ಕೇಳದು ಎಂಬ ಅಭಿಪ್ರಾಯವು ಬೃಹದಾರಣ್ಯಕೋಪನಿಷತ್ತಿನಲ್ಲಿಯೂ ಇದೆ. ಹಿಂದೆ ಮನಸ್ಸನ್ನು ಬೇರೆಡೆಗೆ ಒಯ್ಯಲು ಚಿಂತೆ, ಹಗಲುಗನಸು, ಒಂದು ಪುಸ್ತಕ ಇಂಥವಿದ್ದುವು. ಅವುಗಳಿಗೆ ಒಂದು ಕೊನೆ ಇರುತ್ತಿತ್ತು. ಈಗಿನ ಯಂತ್ರಕ್ಕೆ ಕೊನೆಯೆಂಬುದಿಲ್ಲ. ಭಾರತದಲ್ಲಿ ಮೊತ್ತಮೊದಲು ಮೊಬೈಲು ದೂರವಾಣಿಯಲ್ಲಿ ಮಾತು ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಗೂ ದಿಲ್ಲಿಗೂ ನಡುವೆ. ಆಗ ಅದು ಮಾತನಾಡುವ ಉಪಕರಣ ಮಾತ್ರ. ಮಾತು ಮುಗಿದೊಡನೆ ಜೇಬಿಗೆ ಸೇರುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ಬಂದು ಅಂತರ್ಜಾಲದ ಬೆಲೆಯು ಇಳಿದ ಮೇಲೆ, ಚಿತ್ರ, ಹಾಡು, ವಾರ್ತೆ, ಹರಟೆ ಎಲ್ಲವೂ ಹಳ್ಳಿಯ ಕಟ್ಟೆಯವರೆಗೆ ಹರಿದುಬಂದುವು. ಒಂದು ಚಿತ್ರವು ಮುಗಿಯುವ ಮೊದಲೇ ಇನ್ನೊಂದು ಅಣಿಯಾಗಿ ನಿಂತಿರುವುದು. ಹೀಗೆ ಬಸ್ಸು ಕಾಯುವ ಹತ್ತು ನಿಮಿಷಗಳು ಆಚೀಚೆ ನಿಂತವರ ಸೊತ್ತಾಗಿದ್ದುವು. ಅವು ಈಗ ದೂರದ ವ್ಯಾಪಾರಿಗಳ ಸೊತ್ತಾಗಿವೆ.

ಇದರಿಂದ ಸಾರ್ವಜನಿಕ ನಡತೆಯಲ್ಲಿ ಹುಟ್ಟಿರುವ ದೋಷಗಳನ್ನು ತರ್ಕಶಾಸ್ತ್ರದ ಪರಿಭಾಷೆಯಿಂದ ವಿಂಗಡಿಸಿದರೆ ವಿಷಯವು ಸ್ಪಷ್ಟವಾಗುವುದು. ಒಂದು ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಮೂರು ದೋಷಗಳು ಬರಬಹುದೆಂದು ಶಾಸ್ತ್ರಕಾರರು ಹೇಳುವರು. ಕೊಂಬುಳ್ಳದ್ದೇ ಹಸು ಎಂದರೆ ಎಮ್ಮೆಯೂ ಹಸುವಾಗಿಬಿಡುವುದು; ಇದು ಅತಿವ್ಯಾಪ್ತಿ. ಕಂದು ಬಣ್ಣದ್ದೇ ಹಸು ಎಂದರೆ ಬಿಳಿಯ ಹಸುವು ಹೊರಗುಳಿಯುವುದು, ಇದು ಅವ್ಯಾಪ್ತಿ. ಸೀಳಿಲ್ಲದ ಗೊರಸುಳ್ಳದ್ದು ಹಸು ಎಂದರೆ ಅದು ಯಾವ ಹಸುವಿಗೂ ಹೊಂದದು, ಇದು ಅಸಂಭವ. ಮೊಬೈಲು ಹಿಡಿದ ಮನುಷ್ಯನ ನಡತೆಯಲ್ಲಿಯೂ ಈ ಮೂರನ್ನು ಕಾಣಬಹುದು. ಅವನ ಮನೆ ಬೀದಿಗೆ ಹರಡಿದರೆ ಅತಿವ್ಯಾಪ್ತಿ. ಬೀದಿಯಲ್ಲಿದ್ದೂ ಅವನು ಬೀದಿಯನ್ನು ಸೇರದಿದ್ದರೆ ಅವ್ಯಾಪ್ತಿ. ಎದುರಿಗಿರುವ ಮನುಷ್ಯನು ಮನುಷ್ಯನಾಗಿಯೇ ತೋರದಿದ್ದರೆ ಅಸಂಭವ.

ಅತಿವ್ಯಾಪ್ತಿಯು ಎಲ್ಲರಿಗೂ ಕೇಳಿಸುವ ದೋಷ. ಬಸ್ಸಿನಲ್ಲಿ ಕುಳಿತವನೊಬ್ಬನು ಚಿತ್ರಗೀತೆಯನ್ನು ಗಟ್ಟಿಯಾಗಿ ಹಚ್ಚುವನು. ಇನ್ನೊಬ್ಬನು ತನ್ನ ಮನೆಯ ಆಸ್ತಿಪಾಲಿನ ವ್ಯಾಜ್ಯವನ್ನು ಐವತ್ತು ಮಂದಿಗೆ ಕೇಳುವಂತೆ ಮಾತನಾಡುವನು. ಈ ಉಪದ್ರವದ ವಿಷಯವು ನ್ಯಾಯಾಲಯದವರೆಗೂ ಹೋಯಿತು. 2021ರ ನವೆಂಬರಿನಲ್ಲಿ, ರಾಜ್ಯದ ಉಚ್ಚ ನ್ಯಾಯಾಲಯದ ಮುಂದಿದ್ದ ಒಂದು ರಿಟ್ ಅರ್ಜಿಯನ್ನು ಅನುಸರಿಸಿ, ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಬಸ್ಸುಗಳಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು, ವಾರ್ತೆ, ಚಿತ್ರಗಳನ್ನು ಹಚ್ಚಕೂಡದೆಂದು ಆಜ್ಞೆ ಹೊರಡಿಸಿತು. ಹೇಳಿದರೂ ಕೇಳದವರನ್ನು ನಿರ್ವಾಹಕನು ಬಸ್ಸಿನಿಂದ ಇಳಿಸಬಹುದೆಂದೂ, ಅಂಥವರಿಗೆ ಪ್ರಯಾಣದ ಹಣವನ್ನು ಮರಳಿಸಬೇಕಾಗಿಲ್ಲವೆಂದೂ ಅದರಲ್ಲಿ ಹೇಳಿತ್ತು. 2022ರ ಜನವರಿಯಲ್ಲಿ ರೈಲ್ವೆ ಇಲಾಖೆಯೂ ರಾತ್ರಿಯ ಪ್ರಯಾಣದ ವಿಷಯದಲ್ಲಿ ಇಂಥದೇ ನಿಯಮವನ್ನು ಪ್ರಕಟಿಸಿತು. ಸಹಪ್ರಯಾಣಿಕನ ಕಿವಿಯು ತನ್ನ ಅಂಗಳವಲ್ಲ ಎಂಬ ಇಷ್ಟು ಸಣ್ಣ ವಿಚಾರವನ್ನು ತಿಳಿಸುವುದಕ್ಕೆ ರಾಜ್ಯಶಾಸನವು ಬೇಕಾಯಿತೆಂಬುದು ಸಂಕೋಚಪಡತಕ್ಕ ಸಂಗತಿಯೇ. ಆದರೂ ಈ ದೋಷಕ್ಕೆ ಮದ್ದು ಉಂಟು. ಏಕೆಂದರೆ ಅದು ತನ್ನನ್ನು ತಾನೇ ಸಾರಿಕೊಳ್ಳುತ್ತದೆ.

ಅವ್ಯಾಪ್ತಿಯು ಹಾಗಲ್ಲ. ಅದು ಮೌನವಾದ ದೋಷ. ಗದ್ದಲವೆಬ್ಬಿಸಿದವನನ್ನು ನಿರ್ವಾಹಕನು ಇಳಿಸಬಲ್ಲನು. ಕಿವಿಯನ್ನು ಮುಚ್ಚಿಕೊಂಡು ತೆಪ್ಪಗೆ ಕುಳಿತವನನ್ನು ಯಾವ ನಿಯಮದಿಂದ ಎಬ್ಬಿಸುವುದು? ಅವನು ಯಾರಿಗೂ ತೊಂದರೆಯನ್ನು ಕೊಡಲಿಲ್ಲ. ಗರ್ಭಿಣಿಯೊಬ್ಬಳು ಕಂಬ ಹಿಡಿದು ನಿಂತಿರುವುದು ಅವನಿಗೆ ಕಾಣಲಿಲ್ಲ, ಅಷ್ಟೆ. ಕಂಡೂ ಏಳದವನು ನಿರ್ದಯನು. ಅವನಲ್ಲಿ ಲಜ್ಜೆಯನ್ನು ಹುಟ್ಟಿಸಬಹುದು. ಕಾಣದವನಲ್ಲಿ ಲಜ್ಜೆ ಹುಟ್ಟುವ ಸಂದರ್ಭವೇ ಬರಲಿಲ್ಲ. ಕುಂಬ್ರದ ಕೂಡುದಾರಿಯಲ್ಲಿ ಮುದುಕಿಗೆ ಒದಗಿದ್ದು ಈ ದೋಷವೇ. ಅವಳನ್ನು ಅಲಕ್ಷಿಸಿದವರು ಯಾರೆಂದು ಕೇಳಿದರೆ ಯಾರೂ ಅಲ್ಲ. ಲಕ್ಷಿಸಿದವರು ಯಾರೆಂದರೂ ಯಾರೂ ಅಲ್ಲ. ಇನ್ನೂ ಒಂದು ಅಂಶವುಂಟು. ಮುದುಕಿಯ ಮನಸ್ಸಿನಲ್ಲಿ, ಕೇಳಿದರೆ ಹೇಳುವವರಿದ್ದಾರೆ ಎಂಬ ವಿಶ್ವಾಸವು ಆ ದಿನ ಸ್ವಲ್ಪ ಸವೆಯಿತು. ಮುಂದಿನ ಸಲ ಆಕೆ ಕೇಳಲಾರಳು. ಕೇಳುವವರಿಲ್ಲವಾದ ಮೇಲೆ ಹೇಳುವ ಅಭ್ಯಾಸವೂ ತಪ್ಪುವುದು. ಬಾವಿ ಬತ್ತುವುದು ಹೀಗೆಯೇ. ಯಾರೂ ಅದನ್ನು ಮುಚ್ಚುವುದಿಲ್ಲ, ಸೇದುವುದನ್ನು ಬಿಟ್ಟುಬಿಡುವರು, ಕಾಲಕ್ರಮದಲ್ಲಿ ಹೂಳು ತುಂಬುವುದು.

ಮೂರನೆಯದಾದ ಅಸಂಭವವು ಭಯಂಕರವಾದುದು. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ 18 ವರ್ಷದ ಹುಡುಗನೊಬ್ಬನು ಬಸ್ಸಿಗೆ ಸಿಕ್ಕಿ ಗಾಯಗೊಂಡು ಬಿದ್ದನು. ರಕ್ತವು ಹರಿಯುತ್ತಿತ್ತು, ಅವನಿಗೆ ಪ್ರಜ್ಞೆಯಿತ್ತು, ಸಹಾಯವನ್ನು ಯಾಚಿಸುತ್ತಿದ್ದನು. ಸುತ್ತಲೂ ಜನರು ನೆರೆದರು. ನೆರೆದವರಲ್ಲಿ ಹಲವರು ಅವನ ಚಿತ್ರವನ್ನು ತೆಗೆಯುತ್ತ ನಿಂತರು. ಆಸ್ಪತ್ರೆಗೆ ಸೇರುವುದು ತಡವಾಯಿತು, ಹುಡುಗನು ಉಳಿಯಲಿಲ್ಲ. ಆ ಚಿತ್ರಗಳನ್ನು ದೇಶವೇ ನೋಡಿ ಮರುಗಿತು. ಅಪಘಾತದ ಸ್ಥಳದಲ್ಲಿ ಜನರು ಹಿಂಜರಿಯುವುದು ಹೊಸದಲ್ಲ. ಪೊಲೀಸರ ವಿಚಾರಣೆ, ಕೋರ್ಟು ಕಚೇರಿಗಳ ಅಲೆದಾಟ ಇವುಗಳ ಭಯವು ಹಿಂದಿನಿಂದಲೂ ಇತ್ತು. ಆ ಭಯವನ್ನು ಹೋಗಲಾಡಿಸುವುದಕ್ಕೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚಿನಲ್ಲಿಯೇ ಸಹಾಯಮಾಡಿದವರನ್ನು ರಕ್ಷಿಸುವ ನಿಯಮಗಳಿಗೆ ಬಲವನ್ನು ಕೊಟ್ಟಿತ್ತು. 2019ರಲ್ಲಿ ಮೋಟಾರು ವಾಹನಗಳ ಶಾಸನಕ್ಕೂ ಅಂತಹ ರಕ್ಷಣೆಯನ್ನು ಸೇರಿಸಲಾಯಿತು. ಭಯಕ್ಕೆ ಶಾಸನವು ಮದ್ದಾದೀತು. ಆದರೆ ಇಲ್ಲಿ ಭಯಕ್ಕಿಂತ ಬೇರೆಯಾದದ್ದು ಒಂದಿದೆ. ಹಿಂದೆ ಅಂಥ ಸ್ಥಳದಲ್ಲಿ ಎರಡೇ ದಾರಿಗಳಿದ್ದುವು: ಸಹಾಯ ಮಾಡುವುದು, ಇಲ್ಲವೆ ತಲೆ ತಗ್ಗಿಸಿಕೊಂಡು ಹೊರಟುಹೋಗುವುದು. ಹೊರಟುಹೋದವನಿಗೆ ತಾನು ಬಿಟ್ಟುಬಂದೆನೆಂಬ ಚುಚ್ಚು ರಾತ್ರಿಯವರೆಗಾದರೂ ಉಳಿಯುತ್ತಿತ್ತು. ಕ್ಯಾಮರಾವು ಮೂರನೆಯ ದಾರಿಯೊಂದನ್ನು ತೆರೆಯಿತು: ಅಲ್ಲಿಯೇ ನಿಂತು, ಏನನ್ನೂ ಮಾಡದೆ, ಏನೋ ಒಂದನ್ನು ಮಾಡುತ್ತಿದ್ದೇನೆಂದು ತಿಳಿದುಕೊಂಡಿರುವುದು. ಚುಚ್ಚಬೇಕಾದ ಮುಳ್ಳನ್ನೇ ಯಂತ್ರವು ಮೊಂಡುಗೊಳಿಸಿತು.

ಇಲ್ಲಿ ಪೂರ್ವಪಕ್ಷವನ್ನೂ ಕೇಳಬೇಕು, ಅದು ದುರ್ಬಲವಾದುದಲ್ಲ. ಮೊದಲನೆಯದಾಗಿ ಆಕ್ಷೇಪಿಸುವವರು ಹೀಗೆನ್ನುವರು: ಹಳೆಯ ಕಟ್ಟೆಯನ್ನು ಇಷ್ಟೊಂದು ಹೊಗಳುವುದೇಕೆ? ಆ ಕಟ್ಟೆಯ ಮೇಲೆ ಯಾರು ಯಾರಿಗೆ ಸ್ಥಳವಿತ್ತು? ಪೂರ್ತವೆಂದು ತೋಡಿಸಿದ ಬಾವಿಯ ಬಳಿಗೆ ಬರಲಾಗದೆ ದೂರದಲ್ಲಿ ಕೊಡವನ್ನಿಟ್ಟುಕೊಂಡು ಕಾದವರು ಇದೇ ನಾಡಿನಲ್ಲಿ ಇದ್ದರಲ್ಲವೇ? ಈ ಮಾತು ಸತ್ಯ, ಇದನ್ನು ಮರೆಮಾಚಬಾರದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮ ಆಯುಷ್ಯವನ್ನೆಲ್ಲ ಸವೆಸಿದ್ದು ಈ ಅನ್ಯಾಯದ ಎದುರಿನಲ್ಲಿಯೇ. 1934ರಲ್ಲಿ ಗಾಂಧೀಜಿಯವರು ಪುತ್ತೂರಿಗೆ ಬಂದದ್ದೂ ಹರಿಜನೋದ್ಧಾರದ ಪ್ರವಾಸದಲ್ಲಿ. ಅವರ ನೆನಪನ್ನು ಹೊತ್ತ ಗಾಂಧಿಕಟ್ಟೆಯು ಪುತ್ತೂರಿನ ಬಸ್ ನಿಲ್ದಾಣದ ಬಳಿಯಲ್ಲಿಯೇ ಇದೆ. ಅಂಗಡಿ, ಭೋಜನಶಾಲೆ, ಬಾವಿ, ಕೆರೆ, ರಸ್ತೆಗಳಿಗೆ ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಸ್ಪಷ್ಟವಾಗಿ ವಿಧಿಸಿತು. ಆದರೆ ಈ ಇತಿಹಾಸವು ಪ್ರಸ್ತುತ ವಾದಕ್ಕೆ ಬಾಧಕವಾಗುವುದಿಲ್ಲ, ಸಾಧಕವೇ ಆಗುತ್ತದೆ. ಇಷ್ಟು ಕಷ್ಟಪಟ್ಟು ಎಲ್ಲರಿಗೂ ತೆರೆದ ಎಡೆಯಿದು. ಒಳಗೆ ಬರುವ ಹಕ್ಕನ್ನು ಸಂವಿಧಾನವು ಕೊಟ್ಟಿತು. ಬಂದವನ ಮುಖವನ್ನು ನೋಡುವ ಕೆಲಸವನ್ನು ಅದು ಜನರಿಗೆ ಬಿಟ್ಟಿತು. ಬಾಗಿಲು ತೆರೆದ ಮೇಲೆ ಮನೆಯವರೆಲ್ಲರೂ ಬೆನ್ನು ತಿರುಗಿಸಿ ಕುಳಿತರೆ, ಬಾಗಿಲು ತೆರೆದದ್ದರ ಫಲವೇನು?

ಎರಡನೆಯ ಆಕ್ಷೇಪವು ಹೆಣ್ಣುಮಕ್ಕಳ ಪಕ್ಷದಿಂದ ಬರುವುದು. ಕಟ್ಟೆಯವರ “ಓಡೆಗ್?” ಎಂಬ ಪ್ರಶ್ನೆಯಲ್ಲಿ ಎಲ್ಲ ಕಾಲಕ್ಕೂ ಸೌಜನ್ಯವೇ ಇರುತ್ತಿತ್ತೆಂದು ಅವರು ಒಪ್ಪಲಾರರು. ಎಲ್ಲಿಗೆ, ಯಾರ ಮಗಳು, ಇಷ್ಟು ತಡವೇಕೆ ಎಂಬ ವಿಚಾರಣೆಯಿಂದಲೂ, ಬಿಡದೆ ನೋಡುವ ಕಣ್ಣುಗಳಿಂದಲೂ ತಪ್ಪಿಸಿಕೊಳ್ಳುವುದಕ್ಕೆ ಅವರಿಗೆ ಒಂದು ಮರೆ ಬೇಕಾಗಿತ್ತು. ಮೊಬೈಲು ಆ ಮರೆಯಾಯಿತು. ಅಪಾಯ ಬಂದರೆ ಮನೆಗೆ ತಿಳಿಸುವ ಧೈರ್ಯವನ್ನೂ ಅದೇ ಕೊಟ್ಟಿತು. 2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ, ಒಬ್ಬೊಬ್ಬರೇ ದೂರ ಪ್ರಯಾಣಮಾಡುವ ಹೆಂಗಸರು ಹೆಚ್ಚಿರುವಾಗ, ಈ ಮರೆಯನ್ನು ಕಿತ್ತುಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ. ಸಮಾಧಾನವೇನೆಂದರೆ, ಸಲ್ಲಿಸಬೇಕಾದದ್ದು ಗಮನವೇ ಹೊರತು ಕುತೂಹಲವಲ್ಲ. ಎದುರಿನವರು ಕೇಳಿದಾಗ ದೊರೆಯುವಂತಿರುವುದು ಗಮನ. ಕೇಳದಿದ್ದರೂ ಮೇಲೆ ಬೀಳುವುದು ಕುತೂಹಲ. ಅರವಟ್ಟಿಗೆಯವನು ನೀರಿಟ್ಟುಕೊಂಡು ಕಾದಿರುವನು; ದಾರಿಹೋಕನ ಬಾಯಿಗೆ ಬಲಾತ್ಕಾರದಿಂದ ನೀರು ಹೊಯ್ಯುವುದಿಲ್ಲ. ಮರೆಯನ್ನು ಹಿಡಿಯಬೇಕಾದ ಅವಶ್ಯಕತೆಯು ಹೆಣ್ಣುಮಗಳಿಗೆ ಬಾರದಂತೆ ನಡೆದುಕೊಳ್ಳುವುದು ಉಳಿದವರ ಋಣದಲ್ಲಿಯೇ ಸೇರಿದೆ.

ಮೂರನೆಯ ಆಕ್ಷೇಪವು ಉಪಯೋಗದ್ದು. 2008ರ ನವೆಂಬರಿನಿಂದ 108 ಎಂದು ಒತ್ತಿದರೆ ರೋಗಿವಾಹನವು ಬರುತ್ತದೆ. ಒತ್ತುವುದು ಈ ಯಂತ್ರದಿಂದಲೇ. ಕೃಷಿಕನಿಗೆ ಧಾರಣೆ ತಿಳಿಯುವುದೂ, ಅಂಗಡಿಯಲ್ಲಿ ಚಿಲ್ಲರೆಯ ಜಗಳ ತಪ್ಪಿದುದೂ ಇದರಿಂದಲೇ. ಚಿತ್ರ ತೆಗೆಯುವುದು ಕೂಡ ಸರ್ವಥಾ ದೋಷವಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನೊಬ್ಬನು ಜಾರ್ಜ್ ಫ್ಲಾಯ್ಡ್ ಎಂಬವನ ಕುತ್ತಿಗೆಯನ್ನು ಮೊಣಕಾಲಿನಿಂದ ಅದುಮಿದಾಗ, ದಾರಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಅದನ್ನು ಮೊಬೈಲಿನಲ್ಲಿ ಚಿತ್ರಿಸಿದಳು. ಅವಳಿಗೆ ಹತ್ತಿರ ಹೋಗಿ ಬಿಡಿಸುವ ಉಪಾಯವಿರಲಿಲ್ಲ, ಸಾಕ್ಷಿಯಾಗುವುದೊಂದೇ ಸಾಧ್ಯವಾಗಿತ್ತು. ಆ ಸಾಕ್ಷ್ಯದ ಬಲದಿಂದ 2021ರಲ್ಲಿ ಅಪರಾಧಿಗೆ ಶಿಕ್ಷೆಯಾಯಿತು. ಕೊಪ್ಪಳದವರ ಕೈಯಲ್ಲಿಯೂ ಈ ಹುಡುಗಿಯ ಕೈಯಲ್ಲಿಯೂ ಇದ್ದ ಯಂತ್ರವು ಒಂದೇ. ಭೇದವೆಲ್ಲಿ? ಹುಡುಗಿಯು ಮಾಡಬಹುದಾದ ಸಹಾಯವೆಲ್ಲವನ್ನೂ ಮಾಡಿದಳು. ಅವರು ಮಾಡಬಹುದಾದ ಸಹಾಯಕ್ಕೆ ಬದಲಾಗಿ ಚಿತ್ರವನ್ನು ತೆಗೆದರು. ಯಂತ್ರವು ಕೈಗೆ ಬದಲಾಗಿ ನಿಂತಾಗ ದೋಷ, ಕೈಗೆ ಒದಗಿದಾಗ ಗುಣ. ಆದುದರಿಂದ ದೋಷವನ್ನು ಯಂತ್ರದಲ್ಲಿ ಹುಡುಕತಕ್ಕದ್ದಲ್ಲ. ಅದನ್ನು ಹಿಡಿದಿರುವಾಗ ಎದುರಿಗಿದ್ದವನ ಋಣವು ಸಂದಿತೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು.

ಈ ಋಣದ ವಿಷಯವನ್ನು ಕಾಳಿದಾಸನು ತನ್ನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ದುಷ್ಯಂತನು ರಾಜಧಾನಿಗೆ ಹೋಗಿದ್ದಾನೆ. ಶಕುಂತಲೆಯು ಆಶ್ರಮದಲ್ಲಿ ಕುಳಿತಿದ್ದಾಳೆ. ಅವಳ ದೇಹವು ಇಲ್ಲಿ, ಮನಸ್ಸು ಹಸ್ತಿನಾವತಿಯಲ್ಲಿ. ಬಾಗಿಲಿಗೆ ಅತಿಥಿಯೊಬ್ಬನು ಬಂದು ಕೂಗುತ್ತಾನೆ, ಅವಳಿಗೆ ಕೇಳಿಸುವುದಿಲ್ಲ. ಬಂದವನು ದುರ್ವಾಸ. ನೀನು ಯಾರನ್ನು ನೆನೆಯುತ್ತ ನನ್ನನ್ನು ಕಾಣದೆ ಹೋದೆಯೋ ಅವನು ನಿನ್ನನ್ನು ಮರೆಯಲಿ ಎಂದು ಶಾಪ ಕೊಟ್ಟು ಹೊರಟುಹೋಗುತ್ತಾನೆ. ಆ ಶಾಪವೂ ಅವಳಿಗೆ ಕೇಳಿಸದು. ಶಕುಂತಲೆಯು ಮಾಡಿದ ತಪ್ಪಾದರೂ ಏನು? ದೂರದಲ್ಲಿದ್ದವನನ್ನು ನೆನೆದದ್ದು ತಪ್ಪಲ್ಲ, ಅದು ಪ್ರೇಮ. ಕಣ್ವರು ಊರಿನಲ್ಲಿಲ್ಲದಾಗ ಅತಿಥಿಸತ್ಕಾರದ ಭಾರವು ಅವಳ ಮೇಲಿತ್ತು. ದೂರದವನಿಗಾಗಿ ಅವಳು ಹತ್ತಿರದವನನ್ನು ಮರೆತಳು. ಅವಳೂ ಬೇಕೆಂದು ಮರೆಯಲಿಲ್ಲ. ಕುಂಬ್ರದಲ್ಲಿ ಬಸ್ಸು ಕಾಯುತ್ತ ನಿಂತವರಂತೆ ಅವಳಿಗೂ ಕೇಳಿಸಲಿಲ್ಲ, ಅಷ್ಟೆ. ಆದರೆ ಕೇಳಿಸಲಿಲ್ಲವೆಂಬುದು ಅವಳನ್ನು ಶಾಪದಿಂದ ಉಳಿಸಲಿಲ್ಲ. ಆ ಶಾಪದಲ್ಲಿ ಒಂದು ಯುಕ್ತಿಯೂ ಅಡಗಿದೆ: ಹತ್ತಿರದವರನ್ನು ಬಿಟ್ಟು ನೆಚ್ಚಿದ ದೂರದವರು ಕಷ್ಟಕಾಲದಲ್ಲಿ ಗುರುತು ಹಿಡಿಯಲಾರರು. ಯಂತ್ರದೊಳಗೆ ಸಾವಿರ ಮಂದಿ ಸ್ನೇಹಿತರಿದ್ದವನು ರಸ್ತೆಯಲ್ಲಿ ಬಿದ್ದಾಗ ಅವನನ್ನು ಎತ್ತಬೇಕಾದವರು ಆ ಸಾವಿರ ಮಂದಿಯಲ್ಲ. ಪಕ್ಕದಲ್ಲಿ ನಿಂತಿರುವ, ಅವನು ಎಂದೂ ಕಣ್ಣೆತ್ತಿ ನೋಡದ, ಆ ಅಪರಿಚಿತನೇ.

ಅಂತೆಯೇ ಇದೇ ಕಥೆಯಲ್ಲಿ ಹಿರಿಯರಿಗೂ ಒಂದು ಪಾಠವಿದೆ. ದುರ್ವಾಸನ ದೂರು ನ್ಯಾಯವಾದದ್ದು; ಅವನ ಕೋಪವು ಅಳತೆ ಮೀರಿದ್ದು. ಈಗಿನ ಮಕ್ಕಳು ಕೆಟ್ಟರು, ಕಾಲ ಕೆಟ್ಟಿತು ಎಂದು ಶಪಿಸುತ್ತ ಹೋಗುವ ಹಿರಿಯರು ದುರ್ವಾಸನ ಗೋತ್ರದವರು. ಅವರಲ್ಲಿಯೂ ಅನೇಕರು ಮದುವೆಯ ಚಪ್ಪರದಲ್ಲಿ, ತಾಳಮದ್ದಳೆಯ ಸಭೆಯಲ್ಲಿ, ಶವಸಂಸ್ಕಾರದ ಎಡೆಯಲ್ಲಿ ಸಹ ಅಂಗೈಯ ಬೆಳಕನ್ನು ನೋಡುತ್ತ ಕುಳಿತಿರುವರೆಂಬುದನ್ನು ಮಕ್ಕಳು ಕಾಣದೆ ಇಲ್ಲ. ಕಥೆಯಲ್ಲಿ ಕಾರ್ಯಸಾಧಕಳಾದವಳು ಪ್ರಿಯಂವದೆ. ಅವಳು ಶಪಿಸಲೂ ಇಲ್ಲ, ಶಕುಂತಲೆಯನ್ನು ಗದರಿಸಲೂ ಇಲ್ಲ. ಓಡಿಹೋಗಿ ಋಷಿಯ ಕಾಲು ಹಿಡಿದು, ಗುರುತಿನ ಆಭರಣವನ್ನು ಕಂಡಾಗ ಶಾಪ ನೀಗಲಿ ಎಂಬ ವಿಮೋಚನೆಯನ್ನು ಪಡೆದು ಬಂದಳು. ಇಂದಿಗೆ ಬೇಕಾದದ್ದು ಅಂತಹ ವಿಮೋಚನೆಯ ಉಪಾಯ.

ಶಾಸನದಿಂದ ಅದು ಎಷ್ಟರಮಟ್ಟಿಗೆ ಸಾಧ್ಯ? ಕೆಲವು ಪ್ರಯತ್ನಗಳು ನಡೆದಿವೆ. 2023ರ ಜುಲೈಯಲ್ಲಿ ರಾಜ್ಯ ಸರಕಾರವು ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಾಲಯಗಳೊಳಗೆ ಮೊಬೈಲು ಬಳಕೆಯನ್ನು ನಿಷೇಧಿಸಿತು. ಕುಕ್ಕೆ ಸುಬ್ರಹ್ಮಣ್ಯವೂ ಆ ಇಲಾಖೆಗೆ ಸೇರಿದ ಕ್ಷೇತ್ರವೇ. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸಮೀಪದ ಹಲಗಾ ಗ್ರಾಮದವರು, ಸಂಜೆ 7 ಗಂಟೆಗೆ ಕಹಳೆಯಂತೆ ಸೈರನ್ನು ಮೊಳಗಿಸಿ, 9 ಗಂಟೆಯವರೆಗೆ ಮೊಬೈಲು, ದೂರದರ್ಶನಗಳನ್ನು ಮುಚ್ಚಿಡುವ ಕಟ್ಟಳೆಯನ್ನು ತಾವಾಗಿಯೇ ಮಾಡಿಕೊಂಡರು. ಮೊದಲನೆಯದು ಆಜ್ಞೆ, ಎರಡನೆಯದು ಆಚಾರ. ಆಜ್ಞೆಯು ಗೋಡೆಯಿರುವಲ್ಲಿ ನಡೆಯುವುದು, ಕೂಡುದಾರಿಗೆ ಗೋಡೆಯಿಲ್ಲ. ಅಲ್ಲಿ ಆಚಾರವೇ ಬೇಕು. ದೇವಾಲಯದ ನಿಷೇಧದಲ್ಲಿಯೂ ತಿಳಿಯತಕ್ಕ ಒಂದು ಅಂಶವುಂಟು. ದೇವರ ಎದುರಿಗೆ ನಿಲ್ಲುವುದನ್ನು ಸನ್ನಿಧಿ ಎನ್ನುವರು. ಸನ್ನಿಧಿಯಲ್ಲಿ ಮನಸ್ಸು ಬೇರೆಡೆಗೆ ಹೋಗಬಾರದೆಂದು ಯಾರೂ ವಾದಿಸಬೇಕಾಗಿಲ್ಲ. ಆದರೆ ಸನ್ನಿಧಿಯೆಂಬ ಶಬ್ದಕ್ಕೆ ಹತ್ತಿರವಿರುವಿಕೆ ಎಂದಷ್ಟೇ ಅರ್ಥ. ಮನುಷ್ಯನಿಗೂ ಸನ್ನಿಧಿಯುಂಟು. ಗರ್ಭಗುಡಿಯ ಮುಂದೆ ಯಂತ್ರವನ್ನು ಜೇಬಿಗೆ ಸೇರಿಸಿದವನು, ಹೊರಗೆ ಬಂದು ದಾರಿ ಕೇಳುವ ಮುದುಕಿಯ ಮುಂದೆಯೂ ಕ್ಷಣಕಾಲ ಹಾಗೆಯೇ ಮಾಡಬೇಕಾದದ್ದು ನ್ಯಾಯ.

ಆಚಾರವು ದೊಡ್ಡ ವ್ರತದಿಂದ ಹುಟ್ಟುವುದಿಲ್ಲ. ಸಣ್ಣ ಪರಿಪಾಠದಿಂದ ಹುಟ್ಟುವುದು. ಎರಡು ಕಿವಿಗಳನ್ನೂ ಮುಚ್ಚಿಕೊಳ್ಳದೆ ಒಂದನ್ನಾದರೂ ತೆರೆದಿಡುವುದು. ಬಸ್ಸು ನಿಂತಾಗಲೆಲ್ಲ ಒಮ್ಮೆ ತಲೆಯೆತ್ತಿ, ನಿಂತವರಲ್ಲಿ ಕುಳಿತುಕೊಳ್ಳಬೇಕಾದವರಿದ್ದಾರೆಯೇ ಎಂದು ನೋಡುವುದು. ಅಂಗಡಿಯಲ್ಲಿ ಹಣ ಸಲ್ಲಿಸುವಾಗ ಅಂಗಡಿಯವನ ಮುಖವನ್ನೂ ನೋಡುವುದು. ಬಿದ್ದವನ ಬಳಿಗೆ ಹೋದಾಗ ಯಂತ್ರದಿಂದ ಮೊದಲು 108ನ್ನು ಒತ್ತುವುದು. ಮನೆಯಲ್ಲಿ ಹಿರಿಯರು ಮಾಡಿ ತೋರಿಸಿದರೆ ಕಿರಿಯರಿಗೆ ಬೇರೆ ಉಪದೇಶವು ಬೇಡ.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಕೂಡುದಾರಿಯಲ್ಲಿ ಅನ್ಯಾಯವು ನಡೆಯಿತು. ಅದನ್ನು ಮಾಡಿದವರು ದುಷ್ಟರಲ್ಲ. ಕೊಡಬೇಕಾದದ್ದನ್ನು ಕೊಡದೆ ಉಳಿದ ಸಾಲಗಾರರು, ಅದೂ ಸಾಲವಿದೆಯೆಂದು ತಿಳಿಯದ ಸಾಲಗಾರರು. ತಿಳಿಯದ ಸಾಲವೂ ಸಾಲವೇ. ಆದರೆ ಇಷ್ಟು ಸುಲಭವಾಗಿ ತೀರುವ ಸಾಲವು ಲೋಕದಲ್ಲಿ ಇನ್ನೊಂದಿಲ್ಲ. ಮಳೆ ಬರುತ್ತಿರುವಾಗ, ಏಳೆಂಟು ಮಂದಿಯಲ್ಲಿ ಒಬ್ಬ ಹುಡುಗನು ಕಿವಿಯಿಂದ ತಂತಿಯನ್ನು ತೆಗೆದು, “ಏನಮ್ಮಾ, ಎಲ್ಲಿಗೆ ಹೋಗಬೇಕು?” ಎಂದು ಕೇಳಿದರೆ ಸಾಕು. ಬೆಳ್ಳಾರೆಯ ಬಸ್ಸು ಹೊರಟುಹೋಗಿದ್ದರೆ, ಅದೇ ಮೊಬೈಲಿನಲ್ಲಿ ಆಕೆಯ ಮಗನಿಗೆ ಕರೆ ಮಾಡಿ, ಅಮ್ಮ ಕುಂಬ್ರದಲ್ಲಿದ್ದಾರೆ, ಮುಂದಿನ ಬಸ್ಸಿಗೆ ಹತ್ತಿಸುತ್ತೇನೆ ಎಂದು ಅವನು ತಿಳಿಸಬಹುದು. ಆಗ ಆ ಗಾಜಿನ ಫಲಕವೂ ದಾರಿಬದಿಯಲ್ಲಿ ನೆಟ್ಟ ಹೊರೆಯ ಕಲ್ಲಿನ ಸಾಲಿಗೆ ಸೇರುವುದು.